ಮೊದಲು ಸ್ಪೀಕರನ್ನು ಕೇಳಿ

ದೊಡ್ಡ ಸ್ಪೀಕರ್ ಕೊಳ್ಳುವ ಆಸೆ ಹೆಚ್ಚಿನವರಿಗೆ ಕೈಗೂಡುವುದು ಐವತ್ತು ದಾಟಿದ ಮೇಲೆ. ಮಕ್ಕಳ ಫೀಸು ಮುಗಿದಿರುತ್ತದೆ, ಮನೆಸಾಲದ ಕಂತು ಕೊನೆಗೆ ಬಂದಿರುತ್ತದೆ, ಕಾಲೇಜು ದಿನಗಳಲ್ಲಿ ಯಾರದೋ ಮನೆಯಲ್ಲಿ ಕೇಳಿದ ದನಿ ಇನ್ನೂ ಕಿವಿಯಲ್ಲಿ ಉಳಿದಿರುತ್ತದೆ. ಹೀಗೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಒಂದು ಮನೆಯ ಹಾಲಿಗೆ ಎದೆಯೆತ್ತರದ ಎರಡು ಪೆಟ್ಟಿಗೆಗಳು ಬಂದು ನಿಲ್ಲುತ್ತವೆ. ಅವು ಬಂದ ಮರುದಿನವೇ ಏಳುವ ಪ್ರಶ್ನೆ: ಇವಕ್ಕೆ ವಾಲ್ವ್ ಆಂಪ್ಲಿಫೈಯರ್ ಸರಿಯೋ, ಟ್ರಾನ್ಸಿಸ್ಟರಿನದು ಸರಿಯೋ?

ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಒಂದು ಪಂಗಡದವರ ಪ್ರಕಾರ ವಾಲ್ವಿನಲ್ಲಿ ಜೀವವಿದೆ, ಟ್ರಾನ್ಸಿಸ್ಟರ್ ಬರೀ ಮರಳು. ಇನ್ನೊಂದು ಪಂಗಡಕ್ಕೆ ವಾಲ್ವ್ ಅಂದರೆ ವಸ್ತುಸಂಗ್ರಹಾಲಯದ ಕಪಾಟಿನಲ್ಲಿರಬೇಕಾದ ಗಾಜಿನ ಬುರುಡೆ. ಕಾಫಿಗೆ ಚಿಕೊರಿ ಬೇಕೋ ಬೇಡವೋ ಎಂದು ವಾದಿಸುವವರಿಗೆ ಎಷ್ಟು ಖಾತ್ರಿಯಿರುತ್ತದೋ ಇವರಿಗೂ ಅಷ್ಟೇ ಇರುತ್ತದೆ. ವ್ಯತ್ಯಾಸವೆಂದರೆ ಚಿಕೊರಿ ತಪ್ಪಾದರೆ ಒಂದು ಲೋಟ ಕಾಫಿ ಹಾಳು; ಇಲ್ಲಿ ತಪ್ಪಾದರೆ ಲಕ್ಷಗಟ್ಟಲೆ ರೂಪಾಯಿ, ಅದರ ಜೊತೆಗೆ ಹತ್ತು ವರ್ಷ ಸಂಗೀತ ಕೇಳುವ ಸುಖ.

ಈ ಜಗಳದಲ್ಲಿ ಮೂರನೆಯವರಾದ ಸ್ಪೀಕರನ್ನು ಯಾರೂ ಮಾತನಾಡಿಸುವುದಿಲ್ಲ. ಉತ್ತರ ಇರುವುದು ಅಲ್ಲಿ. ಆಂಪ್ಲಿಫೈಯರ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದು ಯಾವ ಭಾರ ಎಳೆಯಬೇಕು ಎಂಬುದರ ಮೇಲೆ ನಿಂತಿದೆ. ಹಾಗೆ ನೋಡಿದರೆ, ಇವತ್ತು ಅಂಗಡಿಯಲ್ಲಿ ಸಿಗುವ ದೊಡ್ಡ ಸ್ಪೀಕರುಗಳಲ್ಲಿ ಬಹುಪಾಲಿಗೆ ಟ್ರಾನ್ಸಿಸ್ಟರ್ ಆಂಪೇ ತಕ್ಕ ಜೋಡಿ. ಒಂದು ಜಾತಿಯ ದೊಡ್ಡ ಸ್ಪೀಕರಿಗೆ ಮಾತ್ರ ವಾಲ್ವ್ ಕೊಳ್ಳುವುದು ಬುದ್ಧಿವಂತಿಕೆಯೇ ಆಗುತ್ತದೆ. ಆ ಜಾತಿ ಯಾವುದು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಾಲ್ವಿನ ಮೇಲಿನ ಮೋಹವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಈಗ ಅರವತ್ತು ದಾಟಿದವರ ಮೊದಲ ಸಂಗೀತ ಬಂದದ್ದೇ ಅದರಿಂದ. ರೇಡಿಯೊದ ಗುಂಡಿ ತಿರುಗಿಸಿದರೆ ದನಿ ಬರಲು ಅರ್ಧ ನಿಮಿಷ ಕಾಯಬೇಕಿತ್ತು. ಹಸಿರು ಕಣ್ಣು ಮೆಲ್ಲಗೆ ಅರಳುತ್ತಿತ್ತು, ಹಿಂಬದಿಯ ರಟ್ಟಿನ ತೂತುಗಳಲ್ಲಿ ಕಿತ್ತಳೆ ಬೆಳಕು, ಬಿಸಿಯಾದ ಧೂಳಿನ ವಾಸನೆ. ಆಮೇಲೆ ಧಾರವಾಡವೋ ಬೆಂಗಳೂರೋ ಮಾತಾಡುತ್ತಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ರೇಡಿಯೊ ವಾಲ್ವುಗಳ ತಯಾರಿಕೆ ಶುರುಮಾಡಿದ್ದು 1961ರಲ್ಲಿ. ಮರುವರ್ಷ, 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ಮಾಡತೊಡಗಿತು. ಈಗ ಕೈಕೈ ಮಿಲಾಯಿಸುವ ಎರಡು ಪಂಗಡಗಳು ನಮ್ಮ ದೇಶದ ಮಟ್ಟಿಗೆ ಒಂದೇ ಮನೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಅಣ್ಣತಮ್ಮಂದಿರು!

ಆ ರೇಡಿಯೊದ ಮಾಧುರ್ಯದಲ್ಲಿ ವಾಲ್ವಿನ ಪಾಲು ಎಷ್ಟು? ಮೀಡಿಯಂ ವೇವ್ ಪ್ರಸಾರದಲ್ಲಿ ಮೇಲಿನ ಆವರ್ತನಗಳು ಮೊದಲೇ ಕತ್ತರಿಸಿ ಹೋಗಿರುತ್ತಿದ್ದವು. ಅಗಲವಾದ ಕಾಗದದ ಕೋನ್, ಮರದ ಪೆಟ್ಟಿಗೆ, ಹಿಂದುಗಡೆ ತೆರೆದ ರಟ್ಟು, ಇವೆಲ್ಲ ಸೇರಿ ದನಿಯನ್ನು ದುಂಡಗೆ ಮಾಡುತ್ತಿದ್ದವು. ಬಾಲ್ಯದ ಪಾಲನ್ನು ಅಳೆಯುವ ಮೀಟರ್ ಇಲ್ಲ. ಅದೇ ಪೆಟ್ಟಿಗೆಯಲ್ಲಿ ಗುಟ್ಟಾಗಿ ಟ್ರಾನ್ಸಿಸ್ಟರ್ ಸರ್ಕಿಟ್ ಕೂರಿಸಿದ್ದರೂ ಅಜ್ಜಿಯ ಮನೆಯ ರೇಡಿಯೊ ಇಂಪಾಗಿಯೇ ಇರುತ್ತಿತ್ತು.

ವಾಲ್ವಿನ ಕಾಲದ ಇನ್ನೊಂದು ನೆನಪು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ: ಮೈಕ್‌ಸೆಟ್. ಮದುವೆಗೆ, ಜಾತ್ರೆಗೆ, ಬಯಲಾಟಕ್ಕೆ ಬಾಡಿಗೆಗೆ ಬರುತ್ತಿದ್ದ ಆ ಪೆಟ್ಟಿಗೆಯ ಶಕ್ತಿ ಕೆಲವೇ ಹತ್ತು ವ್ಯಾಟ್. ಆದರೂ ತೆಂಗಿನಮರಕ್ಕೆ ಕಟ್ಟಿದ ಕಹಳೆಯಿಂದ ಹೊರಟ ಹಾಡು ಪಕ್ಕದ ಊರಿಗೆ ಕೇಳುತ್ತಿತ್ತು. ಗುಟ್ಟು ಆಂಪ್ಲಿಫೈಯರಿನಲ್ಲಿ ಇರಲಿಲ್ಲ, ಕಹಳೆಯಲ್ಲಿತ್ತು. ಬರೀ ಕೋನ್ ಗಾಳಿಯನ್ನು ತಳ್ಳಿದಾಗ ಕೊಟ್ಟ ವಿದ್ಯುತ್ತಿನಲ್ಲಿ ಶೇಕಡಾ ಒಂದರಷ್ಟೂ ಸದ್ದಾಗುವುದಿಲ್ಲ. ಮಿಕ್ಕದ್ದೆಲ್ಲ ಸುರುಳಿಯಲ್ಲಿ ಶಾಖವಾಗಿ ಹೋಗುತ್ತದೆ. ಮುಂದೆ ಕಹಳೆ ಇಟ್ಟರೆ ಗಾಳಿಯ ಮೇಲೆ ಹಿಡಿತ ಸಿಕ್ಕು ಅದೇ ವಿದ್ಯುತ್ತಿನಿಂದ ಹಲವು ಪಟ್ಟು ಸದ್ದು ಬರುತ್ತದೆ. ಬೋಳು ದಡದಿಂದ ಕೂಗುವುದಕ್ಕೂ ಎರಡು ಅಂಗೈ ಬಾಯಿಗೆ ಒಡ್ಡಿ ಕೂಗುವುದಕ್ಕೂ ಇರುವ ಅಂತರವನ್ನು ದೊಡ್ಡದು ಮಾಡಿ ನೋಡಿದಂತೆ. ಸಿನಿಮಾ ಮಂದಿರಗಳ ಪರದೆಯ ಹಿಂದೆ ಇದ್ದದ್ದೂ ಇದೇ ಏರ್ಪಾಡು. ವಾಲ್ವಿನಿಂದ ಹೆಚ್ಚು ಶಕ್ತಿ ತೆಗೆಯುವುದು ದುಬಾರಿಯಾಗಿದ್ದ ಕಾಲ ಅದು. ಹಾಗಾಗಿ ಸ್ಪೀಕರೇ ಜಿಪುಣತನ ಕಲಿತುಕೊಂಡಿತ್ತು.

ಮನೆಯ ದೊಡ್ಡ ಸ್ಪೀಕರುಗಳೂ ಹಾಗೆಯೇ ಶುರುವಾದವು. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕೆ ತಂದ ಕ್ಲಿಪ್ಶ್‌ಹಾರ್ನ್ ಕೋಣೆಯ ಮೂಲೆಯ ಗೋಡೆಗಳನ್ನೇ ಕಹಳೆಯ ಬಾಯಿಯಾಗಿ ಬಳಸಿಕೊಳ್ಳುವ ಒಂದು ಬೀರು. ಅದರ ಸೆನ್ಸಿಟಿವಿಟಿ 105 ಡೆಸಿಬೆಲ್ ಎಂದು ಕಂಪನಿ ಹೇಳುತ್ತದೆ, ಈಗಲೂ ತಯಾರಾಗುತ್ತಿದೆ. ಎಂಟು ವರ್ಷದ ಬಳಿಕ, 1954ರಲ್ಲಿ, ಎಡ್ಗರ್ ವಿಲ್ಚರ್ ಎಂಬಾತ ಎಆರ್-1 ಎಂಬ ಚಿಕ್ಕ, ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ತಂದ. ಪುಸ್ತಕದ ಕಪಾಟಿನ ಮೇಲೆ ಕೂರುವಷ್ಟು ಚಿಕ್ಕದು, ಆದರೆ ಬೀರುವಿನಂಥ ಸ್ಪೀಕರುಗಳನ್ನು ನಾಚಿಸುವಷ್ಟು ಆಳವಾದ ಮಂದ್ರ. ಇದಕ್ಕೆ ತೆತ್ತ ಬೆಲೆ ಸೆನ್ಸಿಟಿವಿಟಿ. ವಿಲ್ಚರನ ಬಳಗದಲ್ಲಿದ್ದ, ಹೆಸರಾಂತ ಪಿಯಾನೊ ವಾದಕ ಯೋಸೆಫ್ ಹಾಫ್‌ಮನ್‌ನ ಮಗ ಆಂಟನ್ ಹಾಫ್‌ಮನ್ ಹೇಳಿದ ಮಾತನ್ನು ಈ ಕಸುಬಿನವರು ಕಬ್ಬಿಣದ ನಿಯಮ ಎನ್ನುತ್ತಾರೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದು ಸಿಗುವುದಿಲ್ಲ.

ಜಗತ್ತು ಎಆರ್ ದಾರಿಯಲ್ಲಿ ನಡೆಯಿತು, ಏಕೆಂದರೆ ಮನೆಗಳು ಚಿಕ್ಕದಾಗುತ್ತಿದ್ದವು. ಕಳೆದುಹೋದ ಸೆನ್ಸಿಟಿವಿಟಿಯನ್ನು ವ್ಯಾಟ್‌ಗಳಲ್ಲಿ ತುಂಬಿಕೊಡಲು ಟ್ರಾನ್ಸಿಸ್ಟರ್ ಸರಿಯಾದ ಹೊತ್ತಿಗೆ ಸಿಕ್ಕಿತು. ಕಹಳೆಯೂ ವಾಲ್ವೂ ಒಟ್ಟಿಗೆ ಬೆಳೆದವು. ಮುಚ್ಚಿದ ಪೆಟ್ಟಿಗೆಯೂ ಟ್ರಾನ್ಸಿಸ್ಟರೂ ಒಟ್ಟಿಗೆ ಬೆಳೆದವು. ಒಂದರ ಗಂಡಿಗೆ ಇನ್ನೊಂದರ ಹೆಣ್ಣು ತಂದು ಜಾತಕ ಕೂಡುತ್ತಿಲ್ಲ ಎಂದು ಗೋಳಾಡುವುದು ಇಂದಿನ ಹೈ-ಫೈ ವ್ಯಾಪಾರದ ಅರ್ಧ ಕಥೆ.

ಇಲ್ಲೊಂದು ಚಿಕ್ಕ ಲೆಕ್ಕ ಮಾಡಬೇಕು. ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದಿರುತ್ತದೆ. ಶಕ್ತಿಯನ್ನು ಇಮ್ಮಡಿ ಮಾಡಿದರೆ 3 ಡೆಸಿಬೆಲ್ ಏರುತ್ತದೆ, ಹತ್ತರಷ್ಟು ಮಾಡಿದರೆ 10. ಸ್ಪೀಕರ್ 87 ಡೆಸಿಬೆಲ್‌ನದು ಎಂದಿಟ್ಟುಕೊಂಡರೆ, ಸಾಧಾರಣ ಹಾಲಿನಲ್ಲಿ 3 ಮೀಟರ್ ಆಚೆಯ ಸೋಫಾಕ್ಕೆ ಎರಡೂ ಸ್ಪೀಕರ್ ಸೇರಿ ತಲುಪುವುದು ಅಂದಾಜು 83. ಫ್ಲ್ಯಾಟಿನಲ್ಲಿ ತುಸು ಜೋರಾಗಿ ಕೇಳುವವರ ಸರಾಸರಿ ಮಟ್ಟ 80 ಎಂದಿರಲಿ. ಅದಕ್ಕೆ ಬೇಕಾದದ್ದು ಅರ್ಧ ವ್ಯಾಟ್! ಆದರೆ ತನಿ ಆವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲಕ್ಕೆ ಜಿಗಿಯಬಲ್ಲದು. ಆ ಕ್ಷಣಕ್ಕೆ ಬೇಕು 50 ವ್ಯಾಟ್. ಅದೇ ಜಾಗದಲ್ಲಿ 100 ಡೆಸಿಬೆಲ್‌ನ ಕಹಳೆ ಸ್ಪೀಕರ್ ಇದ್ದರೆ ಅದೇ ಪೆಟ್ಟಿಗೆ ಎರಡೂವರೆ ವ್ಯಾಟ್ ಸಾಕು. ಹಳೆಯ 300ಬಿ ಎಂಬ ವಾಲ್ವ್ ಒಂಟಿಯಾಗಿ ಕೊಡುವುದು 8 ವ್ಯಾಟ್‌ನ ಆಸುಪಾಸು. ಮೊದಲನೆಯ ಸ್ಪೀಕರಿಗೆ ಅದು ಬಡಕಲು ಎತ್ತು, ಎರಡನೆಯದಕ್ಕೆ ಆನೆ.

ದೊಡ್ಡ ಸ್ಪೀಕರಿಗೆ ದೊಡ್ಡ ಆಂಪ್ ಬೇಕು ಎಂಬ ಮಾತು ಹೀಗಾಗಿ ಅರ್ಧ ಸುಳ್ಳು. ಎಷ್ಟೋ ಸಲ ದೊಡ್ಡ ಪೆಟ್ಟಿಗೆಯೇ ಹೆಚ್ಚು ಉಳಿತಾಯದ್ದು. ಅಂಗೈಯಗಲದ ಪುಟ್ಟ ಸ್ಪೀಕರುಗಳೇ ವ್ಯಾಟ್ ನುಂಗುವ ಬಕಾಸುರರು. ಹಾಗೆಯೇ ವ್ಯಾಟ್ ಸಾಲದು ಎಂಬ ಒಂದೇ ಕಾರಣಕ್ಕೆ ವಾಲ್ವನ್ನು ತಳ್ಳುವುದೂ ಸರಿಯಲ್ಲ. 1959ರಲ್ಲಿ ಬಂದ ಡೈನಾಕೊ ಎಸ್‌ಟಿ-70 ಪ್ರತಿ ಚಾನೆಲಿಗೆ 35 ವ್ಯಾಟ್ ಕೊಡುತ್ತಿತ್ತು, 1961ರ ಮೆಕಿಂಟಾಶ್ ಎಂಸಿ275 ಬರೋಬ್ಬರಿ 75. ಮೂವತ್ತೈದಕ್ಕೂ ಐವತ್ತಕ್ಕೂ ಕಿವಿಯ ಮಟ್ಟಿಗೆ ಇರುವ ಅಂತರ ಒಂದೂವರೆ ಡೆಸಿಬೆಲ್ ಮಾತ್ರ.

ನಿಜವಾದ ತೊಡಕು ಇರುವುದು ಜಾಹೀರಾತಿನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುವ ಓಮ್ ಎಂಬ ಅಂಕಿಯಲ್ಲಿ. ಸ್ಪೀಕರಿನ ಹಿಂದೆ 8 ಓಮ್ ಎಂದು ಬರೆದಿರುತ್ತದೆ. ಅದು ಸೌಜನ್ಯದ ಮಾತು. ಆವರ್ತನ ಬದಲಾದಂತೆ ಆ ಅಂಕಿ ಏರುತ್ತ ಇಳಿಯುತ್ತ ಹೋಗುತ್ತದೆ. ದೊಡ್ಡ ಸ್ಪೀಕರಿನಲ್ಲಿ ಎರಡು ಮೂರು ವೂಫರ್, ಅವುಗಳ ನಡುವೆ ಕೆಲಸ ಹಂಚುವ ಕ್ರಾಸ್‌ಓವರ್ ಇರುವುದರಿಂದ ಏರಿಳಿತ ಇನ್ನೂ ಜೋರು. ಬವರ್ಸ್ ಆಂಡ್ ವಿಲ್ಕಿನ್ಸ್ ಕಂಪನಿಯ ಪ್ರಸಿದ್ಧ 802 ಡೈಮಂಡ್ ಸ್ಪೀಕರಿಗೆ ಕಂಪನಿಯೇ ಕೊಡುವ ಅಂಕಿ 8 ಓಮ್, ಅದರ ಪಕ್ಕದಲ್ಲೇ ಅದರ ಅರ್ಧಕ್ಕಿಂತ ಕೆಳಗಿನ ಒಂದು ಕನಿಷ್ಠ ಅಂಕಿ. ಹೀಗೆ ಬರೆದುಕೊಳ್ಳುವ ಪ್ರಾಮಾಣಿಕತೆ ಎಲ್ಲರಿಗೂ ಇರುವುದಿಲ್ಲ.

ಆಂಪ್ಲಿಫೈಯರಿಗೂ ತನ್ನದೇ ಒಂದು ಒಳತಡೆ ಇರುತ್ತದೆ. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಅದು 0.05 ಓಮ್‌ನಷ್ಟು, ಇಲ್ಲವೆನ್ನುವಷ್ಟು ಕಡಿಮೆ. ಫೀಡ್‌ಬ್ಯಾಕ್ ಇಲ್ಲದ ಒಂಟಿ ಟ್ರಯೋಡ್ ವಾಲ್ವ್ ಆಂಪ್‌ನಲ್ಲಿ ಅದು 2 ಓಮ್ ಇರುವುದು ಅಪರೂಪವಲ್ಲ. ಸ್ಪೀಕರ್ ಒಂದು ಕಡೆ 4 ಓಮ್‌ಗೆ ಇಳಿದು ಇನ್ನೊಂದು ಕಡೆ 20ಕ್ಕೆ ಏರುವಂಥದು ಎಂದುಕೊಳ್ಳೋಣ. 2 ಓಮ್ ಒಳತಡೆಯ ಆಂಪ್ ಜೋಡಿಸಿದರೆ ಮೊದಲ ಕಡೆ ಮೂರೂವರೆ ಡೆಸಿಬೆಲ್ ಸೋರಿಹೋಗುತ್ತದೆ, ಎರಡನೆಯ ಕಡೆ ಮುಕ್ಕಾಲು ಚಿಲ್ಲರೆ. ನಡುವಿನ ಅಂತರ 2.7 ಡೆಸಿಬೆಲ್. ಸಾರಿನಲ್ಲಿ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬಷ್ಟು ನಿಚ್ಚಳವಾದ ವ್ಯತ್ಯಾಸ ಇದು. ಅದೇ ಸ್ಪೀಕರಿಗೆ ಟ್ರಾನ್ಸಿಸ್ಟರ್ ಆಂಪ್ ಜೋಡಿಸಿದರೆ ಈ ಅಂತರ 0.1 ಡೆಸಿಬೆಲ್‌ಗಿಂತ ಕಡಿಮೆ.

ಅಂದರೆ ಅಂಥ ವಾಲ್ವ್ ಆಂಪ್‌ಗೆ ತನ್ನದೇ ಆದ ಸ್ಥಿರವಾದ ದನಿಯೇ ಇಲ್ಲ. ಸ್ಪೀಕರಿನ ಏರಿಳಿತದ ಪಡಿಯಚ್ಚನ್ನು ಅದು ಸಂಗೀತದ ಮೇಲೆ ಒತ್ತುತ್ತದೆ. ಒಂದು ಸ್ಪೀಕರಿನಲ್ಲಿ ಕಂಠದ ಭಾಗ ಉಬ್ಬಿ ಗಾಯಕಿ ಎರಡು ಹೆಜ್ಜೆ ಮುಂದೆ ಬಂದು ನಿಂತಂತೆ ಕೇಳುತ್ತದೆ; ಇನ್ನೊಂದರಲ್ಲಿ ಮಂದ್ರ ಉಬ್ಬಿ ಎಲ್ಲ ಗೊಜ್ಜಾಗುತ್ತದೆ. ಮುಲುಂಡಿನ ಗೆಳೆಯರ ಮನೆಯಲ್ಲಿ ಕೇಳಿ ಮನಸೋತು ಅದೇ ಆಂಪ್ ತಂದವರು ತಮ್ಮ ಸ್ಪೀಕರಿನಲ್ಲಿ ಅದು ಹಾಗೆ ನುಡಿಯದಿದ್ದಾಗ ಕೇಬಲ್ ಬದಲಾಯಿಸುತ್ತಾರೆ, ವಾಲ್ವ್ ಬದಲಾಯಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಫೀಡ್‌ಬ್ಯಾಕ್ ಇರುವ ಜೋಡಿ ವಾಲ್ವಿನ ಆಂಪ್‌ಗಳಲ್ಲಿ ಒಳತಡೆ ಇದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ, ತೊಂದರೆಯೂ ಅಷ್ಟರಮಟ್ಟಿಗೆ ಕಡಿಮೆ. ಆದರೆ ಅವನ್ನು ಅಪ್ಪಟ ವಾಲ್ವ್ ಪ್ರೇಮಿಗಳು ತುಸು ಕೀಳಾಗಿ ನೋಡುತ್ತಾರೆ ಎಂಬುದು ತಮಾಷೆ.

ಮಂದ್ರದಲ್ಲಿ ಇನ್ನೊಂದು ಪರಿಣಾಮವಿದೆ. ಭಾರವಾದ ವೂಫರ್ ಕೋನ್ ಒಮ್ಮೆ ಅಲುಗಿದ ಮೇಲೆ ನಿಲ್ಲಲೂ ಬೇಕು. ನಿಲ್ಲಿಸುವ ಬ್ರೇಕು ಆಂಪ್‌ನ ಕಡಿಮೆ ಒಳತಡೆ. ಬ್ರೇಕು ಸಡಿಲವಿದ್ದರೆ ಮೃದಂಗದ ಎಡಗಡೆಯ ಗುಂಕಾರ ಬೇಕಾದ್ದಕ್ಕಿಂತ ಉದ್ದವಾಗಿ, ಮುಂದಿನ ಪೆಟ್ಟಿನ ಮೇಲೆ ಮಲಗುತ್ತದೆ. ಹಾಗೆಂದು ಡ್ಯಾಂಪಿಂಗ್ ಫ್ಯಾಕ್ಟರ್ 500, 1000 ಎಂದು ಕೂಗುವ ಟ್ರಾನ್ಸಿಸ್ಟರ್ ಮಾರಾಟಗಾರರ ಮಾತಿಗೂ ಮರುಳಾಗಬೇಕಿಲ್ಲ. ಸ್ಪೀಕರಿನ ಸುರುಳಿಗೇ ಐದಾರು ಓಮ್ ತಡೆ ಇರುವಾಗ ಆ ಅಂಕಿ ಇಪ್ಪತ್ತು ಮೂವತ್ತು ದಾಟಿದ ಮೇಲೆ ಸಿಗುವ ಲಾಭ ಕಾಗದದ ಮೇಲಿನದು.

ಹಠಮಾರಿ ಸ್ಪೀಕರುಗಳ ಚರಿತ್ರೆಯೇ ಬೇರೆ. 1980ರ ದಶಕದ ಅಪೊಜಿ ಸಿಂಟಿಲಾ ಎಂಬ ಆಳೆತ್ತರದ ರಿಬ್ಬನ್ ಸ್ಪೀಕರ್ 1 ಓಮ್‌ನದಾಗಿತ್ತು. ಅದನ್ನು ಎಳೆಯಲು ಕ್ರೆಲ್‌ನಂಥ ದೈತ್ಯ ಟ್ರಾನ್ಸಿಸ್ಟರ್ ಆಂಪ್‌ಗಳೇ ಬೇಕಾದವು. ಅದಕ್ಕೆ ತಿರುಗುಮುರುಗು 1957ರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್. ಪೀಟರ್ ವಾಕರ್ ಅದನ್ನು ತಮ್ಮದೇ 15 ವ್ಯಾಟ್‌ನ ಕ್ವಾಡ್ II ವಾಲ್ವ್ ಆಂಪ್ ಇಟ್ಟುಕೊಂಡೇ ರೂಪಿಸಿದ್ದರು. ದೊಡ್ಡ ಟ್ರಾನ್ಸಿಸ್ಟರ್ ಆಂಪ್ ಜೋಡಿಸಿ ದನಿ ಏರಿಸಿದರೆ ಒಳಗೆ ಕಿಡಿ ಹಾರಿ ಪೊರೆಗಳು ಸುಟ್ಟುಹೋಗುತ್ತಿದ್ದವು. ಅಲ್ಲಿ ಹೆಚ್ಚು ವ್ಯಾಟ್ ಕೊಳ್ಳುವುದೇ ಅಪಾಯ.

ಇನ್ನು 'ಬೆಚ್ಚನೆಯ' ದನಿಯ ವಿಷಯ. ವಾಲ್ವ್ ಆಂಪ್, ಅದರಲ್ಲೂ ಒಂಟಿ ಟ್ರಯೋಡಿನದು, ಶಕ್ತಿಯ ಮಿತಿಗೆ ಹತ್ತಿರವಾದಂತೆ ಮೂಲ ಸ್ವರದ ಜೊತೆ ಅದರ ಎರಡರಷ್ಟು ಆವರ್ತನದ ಸ್ವರವನ್ನು ಮೆತ್ತಗೆ ಸೇರಿಸುತ್ತದೆ. ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಷಡ್ಜ ನುಡಿಸಿದರೆ ಅದಕ್ಕೆ ತಾರಷಡ್ಜದ ಒಂದು ಎಳೆ ಕೂಡುತ್ತದೆ. ಮೂರರಷ್ಟು ಆವರ್ತನದ್ದು ಬಂದರೆ ಅದರ ಮೇಲಿನ ಪಂಚಮ. ಐದರಷ್ಟರದ್ದು ಅಂತರ ಗಾಂಧಾರ. ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಆ ಗಾಂಧಾರಕ್ಕಾಗಿ ಕಿವಿಗೊಟ್ಟು ಕೂರುವವರಿಗೆ ಇದು ಹಿತವಾಗದೆ ಇರುತ್ತದೆಯೇ? ಟ್ರಾನ್ಸಿಸ್ಟರಿನ ಮೊದಲ ದಿನಗಳ ಕಳಪೆ ಆಂಪ್‌ಗಳು ಇದಕ್ಕೆ ವಿರುದ್ಧ. ಅಲೆ ಧನದಿಂದ ಋಣಕ್ಕೆ ದಾಟುವ ಕಡೆ ಅವು ಎಡವುತ್ತಿದ್ದವು. ಆ ಎಡವಟ್ಟಿನಿಂದ ಏಳು, ಒಂಬತ್ತು ಹೀಗೆ ಮೇಲಿನ ಬೆಸ ಸಂಖ್ಯೆಯ ಸ್ವರಗಳು ಹುಟ್ಟುತ್ತಿದ್ದವು. ಏಳನೆಯದು ಕೈಶಿಕಿ ನಿಷಾದಕ್ಕಿಂತಲೂ ಒಂದಿಷ್ಟು ಕೆಳಗೆ ಬೀಳುವ, ಯಾವ ಮನೆಗೂ ಸೇರದ ಸ್ವರ. ಟ್ರಾನ್ಸಿಸ್ಟರಿಗೆ 'ಗರಗಸ' ಎಂಬ ಕೆಟ್ಟ ಹೆಸರು ಬಂದದ್ದು ಆ ಕಾಲದಲ್ಲಿ. ಅದಕ್ಕೆ ಕಾರಣವಿತ್ತು. ಸರ್ಕಿಟ್ ಸುಧಾರಿಸಿ ದಶಕಗಳಾದ ಮೇಲೂ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಆದರೆ ವಾಲ್ವಿನ ಈ ಸಿಹಿ ಒಂಟಿ ಸ್ವರಕ್ಕೆ ಮಾತ್ರ ಸಿಹಿ. ಎರಡು ಸ್ವರ ಒಟ್ಟಿಗೆ ಬಂದಾಗ ಅದೇ ದೋಷ ಅವೆರಡರ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ತಂಬೂರಿಯಲ್ಲಿ 240 ಹರ್ಟ್ಸ್‌ನ ಷಡ್ಜ ಮೊಳಗುತ್ತಿದೆ, ಪಿಟೀಲಿನವರು ಮೋಹನದ ಚತುಶ್ರುತಿ ರಿಷಭದ ಮೇಲೆ, ಅಂದರೆ 270ರ ಮೇಲೆ, ನಿಂತಿದ್ದಾರೆ ಎಂದುಕೊಳ್ಳೋಣ. ಮೊತ್ತ 510. ತಾರಷಡ್ಜ 480, 510 ಎಂದರೆ ಹೆಚ್ಚುಕಡಿಮೆ ಅದರ ಪಕ್ಕದ ಶುದ್ಧ ರಿಷಭ. ಮೋಹನದಲ್ಲಿ ಇಲ್ಲದ ಸ್ವರ! ಮಟ್ಟ ಬಹಳ ಸಣ್ಣದಿರಬಹುದು, ಆದರೆ ಕಡಿಮೆ ವ್ಯಾಟ್‌ನ ವಾಲ್ವ್ ಆಂಪ್ ಕಷ್ಟದ ಸ್ಪೀಕರನ್ನು ಏದುಸಿರು ಬಿಡುತ್ತ ಎಳೆಯುವಾಗ ಅಷ್ಟೇನೂ ಸಣ್ಣದಲ್ಲ. ತಂಬೂರಿಯ ತಂತಿಯಡಿ ದಾರ ಸರಿಸಿ ಜವಾರಿ ಕೂಡಿಸುವುದು ಕಲಾವಿದರ ಕೆಲಸ. ಅದು ಧ್ವನಿಮುದ್ರಣದಲ್ಲಿ ಆಗಲೇ ಇದೆ. ಅದರ ಮೇಲೆ ತನ್ನದೊಂದು ಜವಾರಿ ಕಟ್ಟಲು ಆಂಪ್ಲಿಫೈಯರಿಗೆ ಯಾರೂ ವೀಳ್ಯ ಕೊಟ್ಟಿಲ್ಲ.

ಕಿವಿ ಏನು ಹೇಳುತ್ತದೆ? ಕ್ವಾಡ್ ಸಂಸ್ಥೆಗಾಗಿ ಜೇಮ್ಸ್ ಮೋಯಿರ್ ಎಂಬ ಎಂಜಿನಿಯರ್ ನಡೆಸಿದ ಕೇಳ್ಮೆಯ ಪರೀಕ್ಷೆಯ ವರದಿ 1978ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬಂತು. ಕ್ವಾಡ್ II ವಾಲ್ವ್ ಆಂಪ್, 303 ಮತ್ತು 405 ಎಂಬ ಎರಡು ಟ್ರಾನ್ಸಿಸ್ಟರ್ ಆಂಪ್‌ಗಳು. ಯಾವುದು ನುಡಿಯುತ್ತಿದೆ ಎಂದು ಕೇಳುಗರಿಗೆ ಹೇಳಿರಲಿಲ್ಲ. ಮಿತಿಮೀರಿ ಹೊಡೆಯದೆ, ದನಿಯ ಮಟ್ಟ ಸಮನಾಗಿಟ್ಟು ಕೇಳಿಸಿದಾಗ ನುರಿತ ಕಿವಿಗಳೂ ಅವನ್ನು ಖಚಿತವಾಗಿ ಬೇರ್ಪಡಿಸಲು ಆಗಲಿಲ್ಲ. ಪರೀಕ್ಷೆ ನಡೆಸಲು ಹಣ ಕೊಟ್ಟವರೇ ಮೂರನ್ನೂ ಮಾಡಿದವರು ಎಂಬುದನ್ನು ನೆನಪಿಡಬೇಕು. ಆದರೆ ಫಲಿತಾಂಶ ಅವರ ಹೊಸ ಮಾದರಿಯ ಮಾರಾಟಕ್ಕೆ ಅನುಕೂಲವಾಗುವಂಥದೂ ಆಗಿರಲಿಲ್ಲ.

1985ರ ಪ್ರಸಂಗ ಇದಕ್ಕಿಂತ ರೋಚಕ. ಅಮೆರಿಕದ ಬಾಬ್ ಕಾರ್ವರ್ ಸ್ಟೀರಿಯೊಫೈಲ್ ಪತ್ರಿಕೆಗೆ ಒಂದು ಸವಾಲು ಹಾಕಿದ: ನಿಮಗೆ ಮೆಚ್ಚಾದ ಯಾವ ದುಬಾರಿ ಆಂಪ್ಲಿಫೈಯರ್ ಬೇಕಾದರೂ ತನ್ನಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು 48 ಗಂಟೆಯಲ್ಲಿ ಅದರಂತೆಯೇ ನುಡಿಸುತ್ತೇನೆ. ಪತ್ರಿಕೆಯವರು ಒಂದು ದುಬಾರಿ ವಾಲ್ವ್ ಆಂಪ್ ತಂದರು. ಕಾರ್ವರ್ ಎರಡಕ್ಕೂ ಒಂದೇ ಸಂಗೀತ ಕೊಟ್ಟು, ಒಂದರ ಫಲದಿಂದ ಇನ್ನೊಂದರದನ್ನು ಕಳೆದು, ಉಳಿದ ಶೇಷ ಮೌನಕ್ಕೆ ಹತ್ತಿರವಾಗುವ ತನಕ ತನ್ನ ಸರ್ಕಿಟನ್ನು ತಿದ್ದುತ್ತ ಕೂತ. ಕೊನೆಗೆ ಸಂಪಾದಕರು ಕೇಳಿದರು. ಬೇರೆ ಮಾಡಲು ಆಗಲಿಲ್ಲ, ಹಾಗೆಂದು ಬರೆದುಕೊಂಡರು. ಮುಂದೆ ಅಂಗಡಿಗೆ ಬಂದ ಮಾದರಿ ಅಷ್ಟು ನಿಖರವಾಗಿಲ್ಲವೆಂದು ಅದೇ ಪತ್ರಿಕೆ ತಕರಾರು ತೆಗೆದದ್ದೂ ನಿಜ. ಆದರೂ ಆ ಎರಡು ದಿನಗಳಲ್ಲಿ ಸಾಬೀತಾದದ್ದು ಅಳಿಸಿಹೋಗುವುದಿಲ್ಲ: ವಾಲ್ವಿನ ರುಚಿ ಗಾಜಿನೊಳಗಿನ ನಿರ್ವಾತದಲ್ಲಿ ವಾಸಿಸುವ ದೇವತೆಯಲ್ಲ. ಅಳೆಯಬಹುದು, ನಕಲು ಮಾಡಬಹುದು.

ಹೀಗಿದ್ದೂ ವಾಲ್ವ್ ಕೊಳ್ಳುವವರು ಅದರ ಜೊತೆ ಸಂಸಾರ ಮಾಡಬೇಕು. ಜೋಡಿ ವಾಲ್ವಿನ ಒಂದು ಸ್ಟೀರಿಯೊ ಆಂಪ್ ಸಂಗೀತ ಇರಲಿ ಇಲ್ಲದಿರಲಿ 150ರಿಂದ 200 ವ್ಯಾಟ್ ಎಳೆಯುತ್ತ ಕೂರುತ್ತದೆ, ಎಲ್ಲವೂ ಶಾಖ. ಡಿಸೆಂಬರಿನ ದಿಲ್ಲಿಯಲ್ಲಿ ಅದು ವರ. ಮೇ ತಿಂಗಳ ಚೆನ್ನೈನಲ್ಲಿ ಫ್ಯಾನ್ ಹಾಕಿದರೆ ತಂಬೂರಿಯ ಬಾಲ ಕೇಳುವುದಿಲ್ಲ, ಹಾಕದಿದ್ದರೆ ಕೇಳುಗರೇ ಬೇಯುತ್ತಾರೆ. ಒಳಗೆ 400 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ರಿಪೇರಿ ಬಲ್ಲವರಲ್ಲದೆ ಬೇರೆಯವರು ತೆರೆಯಬಾರದು. ಮೊಮ್ಮಕ್ಕಳು ಬರುವ ಮನೆಯಲ್ಲಿ ಸುಡುವ ಗಾಜಿನ ಮೇಲೆ ಜಾಲರಿ ಇರಲೇಬೇಕು, ಅಂದ ಕೆಟ್ಟರೂ ಚಿಂತೆಯಿಲ್ಲ.

ವಾಲ್ವಿನ ತಂತು 6.3 ವೋಲ್ಟ್‌ಗೆ ರೂಪಿಸಿದ್ದು. ರಾತ್ರಿ ಹೊತ್ತು ಮನೆಯ ಕರೆಂಟು 230 ಬಿಟ್ಟು 250ಕ್ಕೆ ಏರಿದರೆ ತಂತುವಿಗೂ 6.8 ಮೀರುತ್ತದೆ, ಆಯುಸ್ಸು ಇಳಿಯುತ್ತದೆ. ಶಕ್ತಿ ಕೊಡುವ ವಾಲ್ವುಗಳ ಬಾಳಿಕೆಯೇ ಕೆಲವು ಸಾವಿರ ಗಂಟೆ. ಭಾರತ್ ಎಲೆಕ್ಟ್ರಾನಿಕ್ಸ್‌ನ ಹಳೆಯ ವಾಲ್ವುಗಳು ಈಗ ಸಂಗ್ರಾಹಕರ ಪಾಲು. ಹೊಸವು ಬರುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ಸರಬರಾಜು ತೊಡರಿ ಜಗತ್ತಿನ ಗಿಟಾರ್ ವಾದಕರೂ ಹೈ-ಫೈ ಮಂದಿಯೂ ಒಟ್ಟಿಗೆ ಕಂಗಾಲಾದರು. ಮನೆಯ ಸಂಗೀತ ಅಷ್ಟು ದೂರದ ಒಂದೆರಡು ಕಾರ್ಖಾನೆಗಳ ದಯೆಯಲ್ಲಿರುವುದು ಎಲ್ಲರಿಗೂ ಒಗ್ಗುವುದಿಲ್ಲ. ಟ್ರಾನ್ಸಿಸ್ಟರ್ ಆಂಪ್‌ಗೂ ಕೇಡಿಲ್ಲವೆಂದಲ್ಲ. ಅದು ಕೆಟ್ಟಾಗ ಡಿಸಿ ನೇರ ಸ್ಪೀಕರಿಗೆ ನುಗ್ಗಿ ದುಬಾರಿ ವೂಫರನ್ನು ಸುಡಬಲ್ಲದು; ರಕ್ಷಣೆಯ ರಿಲೇ ಇದೆಯೇ ಎಂದು ವಿಚಾರಿಸದೆ ಕೊಳ್ಳಬಾರದು. ವಾಲ್ವ್ ಆಂಪ್‌ನಲ್ಲಿ ನಡುವೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಆ ಭಯವಿಲ್ಲ.

ವಾಲ್ವೇ ಸರಿ ಎನ್ನಬಹುದಾದ ಜಾಗ ಈಗ ಸ್ಪಷ್ಟ. ಸ್ಪೀಕರ್ 96 ಡೆಸಿಬೆಲ್‌ಗಿಂತ ಮೇಲಿನದಾಗಿರಬೇಕು, ಓಮ್‌ನ ರೇಖೆ ಹೆಚ್ಚು ಏರಿಳಿಯದೆ 6 ಓಮ್‌ನ ಕೆಳಗೆ ಬೀಳದಂಥದಾಗಿರಬೇಕು. ಕಹಳೆ ಸ್ಪೀಕರುಗಳು, ಹಳೆಯ ಸಿನಿಮಾ ಮಂದಿರದ ಪೆಟ್ಟಿಗೆಗಳು, ಒಂದೇ ಅಗಲ ಕೋನ್‌ನವು ಈ ಜಾತಿಗೆ ಸೇರುತ್ತವೆ. ಆಗ ಆಂಪ್ ತನ್ನ ಮಿತಿಯ ಹತ್ತನೆಯ ಒಂದು ಭಾಗದಲ್ಲಿ ಆರಾಮವಾಗಿ ನುಡಿಯುತ್ತದೆ, ದೋಷಗಳೂ ಅಷ್ಟೇ ಕುಗ್ಗುತ್ತವೆ. ಕೊಚ್ಚಿಯ ರೀದಮ್ ಸಂಸ್ಥೆ ಇಂಥ ಕಹಳೆ ಸ್ಪೀಕರುಗಳನ್ನೇ ಮಾಡುತ್ತ ಬಂದಿದೆ. ಅವರ ಈಚಿನ ಮಾದರಿಗಳಲ್ಲಿ ಮಂದ್ರದ ಭಾರವನ್ನು ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರ್ ಆಂಪ್ ಹೊರುತ್ತದೆ, ಕಂಠದ ಭಾಗವನ್ನು ಹೊರಗಿನ ವಾಲ್ವ್ ಆಂಪ್‌ಗೆ ಬಿಡಬಹುದು. ಜಗಳವಾಡುವ ಅಣ್ಣತಮ್ಮಂದಿರಿಗೆ ಮನೆ ಪಾಲು ಮಾಡಿಕೊಡಲು ಇದಕ್ಕಿಂತ ಒಳ್ಳೆಯ ರೀತಿಯಿಲ್ಲ.

ಇದರ ಹೊರಗಿರುವವರು, ಅಂದರೆ ಹತ್ತರಲ್ಲಿ ಎಂಟೊಂಬತ್ತು ಮಂದಿ, 4 ಓಮ್‌ಗೂ ತಾಳುವ ನೂರು ವ್ಯಾಟ್‌ನ ಒಂದು ಟ್ರಾನ್ಸಿಸ್ಟರ್ ಆಂಪ್ ತಂದು ಆ ವಿಷಯ ಮರೆಯುವುದು ಲೇಸು. ಈಗಿನ ಒಳ್ಳೆಯ ಕ್ಲಾಸ್-ಡಿ ಆಂಪ್‌ಗಳು ಇಷ್ಟನ್ನು ಊಟದ ಡಬ್ಬಿಯಷ್ಟು ಜಾಗದಲ್ಲಿ, ಬಿಸಿಯಾಗದೆ, ಕೊಡುತ್ತವೆ. ಉಳಿದ ಹಣ ಕೋಣೆಗೆ ಹೋಗಲಿ. ವಿಟ್ರಿಫೈಡ್ ಟೈಲ್ಸಿನ ನೆಲ, ಬೋಳು ಕಾಂಕ್ರೀಟ್ ಗೋಡೆ ಇರುವ ಹಾಲಿನಲ್ಲಿ ಯಾವ ಆಂಪ್ ಇಟ್ಟರೂ ಪಿಟೀಲು ಚುಚ್ಚುತ್ತದೆ. 4 ಮೀಟರ್ ಉದ್ದದ ಕೋಣೆ 43 ಹರ್ಟ್ಸ್‌ನ ಸುತ್ತಮುತ್ತ ತಾನೇ ಗುಂಯ್‌ಗುಡುತ್ತದೆ; ದೊಡ್ಡ ಸ್ಪೀಕರ್ ಅದನ್ನು ಚೆನ್ನಾಗಿ ಕೆಣಕುತ್ತದೆ. ದಪ್ಪನೆಯ ಜಮಖಾನ, ಪುಸ್ತಕ ತುಂಬಿದ ಕಪಾಟು, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆಯುವುದು, ಇವು ಮಾಡುವಷ್ಟು ಬದಲಾವಣೆಯನ್ನು ಯಾವ ಗಾಜಿನ ಬುರುಡೆಯೂ ಮಾಡದು. ಆದರೆ ಜಮಖಾನದ ಬಗ್ಗೆ ಅಂಗಡಿಯವರು ಮಾತಾಡುವುದಿಲ್ಲ, ಅದರಲ್ಲಿ ಕಮಿಷನ್ ಇಲ್ಲ.

ಇಷ್ಟಾದರೂ ವಾಲ್ವಿನ ದನಿ ಬೇಕೇ ಬೇಕು ಎನ್ನಿಸಿದವರಿಗೆ ಚೆಕ್ಕು ಬರೆಯುವ ಮುನ್ನ ಮಾಡಬಹುದಾದ ಒಂದು ಅಗ್ಗದ ಪ್ರಯೋಗವಿದೆ. ಲ್ಯಾಮಿಂಗ್ಟನ್ ರಸ್ತೆಯಲ್ಲೋ ರಿಚಿ ಸ್ಟ್ರೀಟಿನಲ್ಲೋ ಲಾಜಪತ್ ರಾಯ್ ಮಾರ್ಕೆಟ್ಟಿನಲ್ಲೋ 2 ಓಮ್, 25 ವ್ಯಾಟ್‌ನ ಎರಡು ವೈರ್‌ವೌಂಡ್ ರೆಸಿಸ್ಟರ್ ಕೇಳಿದರೆ ಕೊಡುತ್ತಾರೆ. ಹೋಟೆಲಿನ ಒಂದು ಕಾಫಿ-ತಿಂಡಿಯ ಬೆಲೆ. ಆಂಪ್ ಆಫ್ ಮಾಡಿ, ಇರುವ ಟ್ರಾನ್ಸಿಸ್ಟರ್ ಆಂಪಿಗೂ ಪ್ರತಿ ಸ್ಪೀಕರಿಗೂ ನಡುವೆ, ಕೆಂಪು ತಂತಿಯಲ್ಲಿ, ಒಂದೊಂದನ್ನು ಜೋಡಿಸಬೇಕು. ತುಸು ಬಿಸಿಯಾಗುತ್ತವೆ, ಪರದೆಗೆ ತಾಗದಂತೆ ಇಟ್ಟರೆ ಸಾಕು. ದನಿ ಒಂದೆರಡು ಡೆಸಿಬೆಲ್ ಇಳಿಯುವುದರಿಂದ ಗುಂಡಿಯನ್ನು ಅಷ್ಟು ಏರಿಸಿಕೊಂಡು ಒಂದು ವಾರ ಕೇಳಬೇಕು. ಗಾಜಿನಿಂದ ಬರುವ ತಾರಷಡ್ಜದ ಎಳೆ ಇದರಲ್ಲಿ ಇರುವುದಿಲ್ಲ, ಒಳತಡೆಯಿಂದ ಬರುವ ಬಣ್ಣವೆಲ್ಲ ಇರುತ್ತದೆ. ಕಂಠ ಮುಂದೆ ಬಂತೇ, ಮೃದಂಗ ಗೊಜ್ಜಾಯಿತೇ ಎಂಬುದು ಆ ಸ್ಪೀಕರಿನಲ್ಲಿ, ಆ ಕೋಣೆಯಲ್ಲಿ, ಅಷ್ಟರಲ್ಲೇ ಗೊತ್ತಾಗುತ್ತದೆ. ಹಿತವಾದರೆ ರೆಸಿಸ್ಟರನ್ನು ಅಲ್ಲೇ ಬಿಡಲೂಬಹುದು.